ಜೇಬಿನಲ್ಲಿ ಬಂದ ಹಾವಸೆ

ಏಪ್ರಿಲ್ ಕೊನೆಯ ವಾರ ಮೂಡಿಗೆರೆ ಕಡೆಯ ಮಾವನ ತೋಟಕ್ಕೆ ಹೋದಾಗ ಅರೇಬಿಕಾ ಕಾಫಿ ಗಿಡಗಳ ಕಾಂಡ ಉಜ್ಜುವ ಕೆಲಸ ಅರ್ಧಕ್ಕೆ ನಿಂತಿತ್ತು. ಆಳುಗಳು ಸಿಕ್ಕಿರಲಿಲ್ಲ. ಬಿಳಿ ಕಾಂಡಕೊರಕದ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಸಡಿಲ ತೊಗಟೆಯನ್ನು ಉಜ್ಜಿ ತೆಗೆದರೆ ಅದಕ್ಕೆ ಜಾಗ ಸಿಗುವುದಿಲ್ಲ. ಉಂಡಾಡಿಯಾಗಿ ಬಂದವನ ಕೈಗೂ ತೆಂಗಿನ ನಾರಿನ ಕೈಗವಸು ಏರಿತು.

ತೊಗಟೆಗಿಂತ ಹೆಚ್ಚು ಉದುರಿದ್ದು ಹಾವಸೆ. ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ನಶ್ಯದಂತೆ ಪುಡಿಯಾಗುತ್ತಿತ್ತು. ಒಂದು ಹಿಡಿಯನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡೆ. “ಆ ಕಸ ಯಾಕೋ?” ಎಂದರು ಮಾವ. ಪಕ್ಕದ ಹಲಸಿನ ಮರಕ್ಕೆ ಕೈ ಹಾಕಹೋದಾಗ ಮಾತ್ರ ಗದರಿದರು. “ಅದರ ತಂಟೆಗೆ ಹೋಗಬೇಡ, ಸೀತಾಳೆ ದಂಡೆ ಇದೆ.” ಸೀತಾಳೆ ಎಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವು. ಅದರ ಧೂಳಿನಂಥ ಬೀಜಕ್ಕೆ ಬೋಳು ತೊಗಟೆಯಲ್ಲಿ ನೆಲೆ ಸಿಗುವುದು ಕಷ್ಟ. ಮಳೆ ನಿಂತ ಮೇಲೂ ತೇವ ಹಿಡಿದಿಟ್ಟುಕೊಳ್ಳುವ ಹಾವಸೆಯ ಮೆತ್ತೆ ಅದಕ್ಕೆ ತೊಟ್ಟಿಲು. ಮಾವ ಹೂವನ್ನು ಕಾಯುತ್ತಿದ್ದರು, ತೊಟ್ಟಿಲನ್ನು ಕಸ ಎನ್ನುತ್ತಿದ್ದರು. ಆಗ ಇದು ನನಗೂ ಹೊಳೆದಿರಲಿಲ್ಲ.

ಬೆಂಗಳೂರಿಗೆ ಬಂದವನು ಅದನ್ನು ಕಾಗದದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟು ಮರೆತೇಬಿಟ್ಟೆ. ಆಗಸ್ಟ್‌ನಲ್ಲಿ ವಿದ್ಯುತ್ ಬಿಲ್ ಹುಡುಕುವಾಗ ಪೊಟ್ಟಣ ಸಿಕ್ಕಿತು. ತಟ್ಟೆಗೆ ಸುರಿದು ನಾಲ್ಕು ಚಮಚ ನೀರು ಚಿಮುಕಿಸಿ, ಮಗಳ ಭೂತಗನ್ನಡಿ ಹಿಡಿದು ಕುಳಿತೆ. ಮುದುಡಿದ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತಟ್ಟೆ ಹಸಿರಾಗಿತ್ತು.

ಆ ಎಲೆಯ ದಪ್ಪ ಬಹುಪಾಲು ಒಂದೇ ಜೀವಕೋಶದ್ದು. ಹಾವಸೆಗೆ ನಿಜವಾದ ಬೇರಿಲ್ಲ. ಬೇರಿನಂತೆ ಕಾಣುವ ಎಳೆಗಳ ಕೆಲಸ ಮುಖ್ಯವಾಗಿ ತೊಗಟೆಯನ್ನು ಕಚ್ಚಿ ಹಿಡಿಯುವುದು. ಹಾಗಾಗಿ ಮಳೆ, ಮಂಜು ಏನು ಬಂದರೂ ಮೈಯಿಂದಲೇ ಹೀರಬೇಕು. ಮೈ ತೆರೆದಿರುವುದರಿಂದ ಒಣಗುವುದೂ ಅಷ್ಟೇ ಬೇಗ. ನಮ್ಮ ಭತ್ತದ ಪೈರು ಹೀಗೆ ಒಣಗಿದರೆ ಕಥೆ ಮುಗಿಯಿತು. ಹಾವಸೆ ಮಾತ್ರ ಉಸಿರಾಟವನ್ನೂ ಬಹುತೇಕ ನಿಲ್ಲಿಸಿ, ಜೀವಕೋಶದ ಒಳಗಿನ ಸಕ್ಕರೆಯ ಆಸರೆಯಲ್ಲಿ ಕುಳಿತುಬಿಡುತ್ತದೆ. ನೀರು ಸಿಕ್ಕೊಡನೆ ಹಾಳಾದದ್ದನ್ನು ರಿಪೇರಿ ಮಾಡಿಕೊಳ್ಳುತ್ತದೆ.

ಕೆಲವು ಎಲೆಗಳ ನಡುವೆ ಗುಂಡುಸೂಜಿಯ ತಲೆಗಿಂತ ಚಿಕ್ಕ ಬುರುಡೆ ಹೊತ್ತ ಕಡ್ಡಿಗಳಿದ್ದವು. ಹೂವೇನೋ ಎಂದುಕೊಂಡಿದ್ದೆ, ಅಲ್ಲ. ಅದು ಹಾವಸೆಯ ಮಗು. ಗಂಡು ಜೀವಕೋಶ ನೀರಿನ ಪದರದಲ್ಲಿ ಈಜಿ ಹೋಗಿ ಹೆಣ್ಣನ್ನು ಸೇರಿದ ಮೇಲೆ ಹುಟ್ಟುವ ಈ ಕೂಸು ತಾಯಿಯ ಮೈಗೆ ಅಂಟಿಕೊಂಡೇ, ಅವಳಿಂದ ಉಣ್ಣುತ್ತಾ ಬೆಳೆಯುತ್ತದೆ. ಬುರುಡೆ ಬಲಿತ ಮೇಲೆ ಅದರಿಂದ ಬೀಜಕಗಳು ಗಾಳಿಗೆ ತೂರಿಹೋಗುತ್ತವೆ. ಪಿಯುಸಿಯಲ್ಲಿ ಇದನ್ನೆಲ್ಲ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂಕ ಗಿಟ್ಟಿಸಿದ್ದೆ. ಕಣ್ಣಿಟ್ಟು ನೋಡಿದ್ದು ಈಗ.

ಮಾವನಿಗೆ ಫೋನ್ ಮಾಡಿ, “ನಿಮ್ಮ ಕಸ ಎದ್ದು ಕೂತಿದೆ” ಎಂದೆ.

“ಇಲ್ಲೂ ಅಷ್ಟೇ, ಮಳೆ ಬಿದ್ದು ಗಿಡವೆಲ್ಲ ಹಸಿರು” ಎಂದರು. “ಅಕ್ಟೋಬರ್‌ಗೆ ಬಾ, ಉಜ್ಜುವುದಿದೆ.”