ಕವಲಿಲ್ಲದ ಮಿಂಚು: ಟ್ರಿಗರ್, ಮೂರನೇ ಅವತಾರ

ಕೊನೆಗೂ ಕವಲು ಬಂತು! ಚಾಮುಂಡಿ ಬೆಟ್ಟದ ಎಡಕ್ಕೆ ಇಳಿದ ಮಿಂಚು. ನಡುವಿನ ಗೆರೆಯಿಂದ ಮೂರು ಕವಲು ಒಡೆದಿವೆ, ಅದರಲ್ಲೊಂದು ಅರ್ಧ ಆಕಾಶದಲ್ಲೇ ನಿಂತುಹೋಗಿದೆ. ಸ್ವಲ್ಪ ಮಸುಕು, ಎದುರುಮನೆಯ ತೆಂಗಿನ ಗರಿ ಅಡ್ಡ ಬಂದಿದೆ. ಇರಲಿ. ಕ್ಯಾನನ್ ಎ590 ಐಎಸ್ ಎಂಬ ಹಳೇ ಡಬ್ಬಿಯಲ್ಲಿ, ಇನ್ನೂ ಬೆಳಕಿರುವಾಗ, ಮಿಂಚಿನ ಬೆಳಕು ಕಂಡ ಕೂಡಲೇ ಕ್ಯಾಮೆರಾ ಕ್ಲಿಕ್ಕಿಸಲಿ ಅಂತ ನಾನು ಕಟ್ಟಿದ ಟ್ರಿಗರ್ ತಾನಾಗಿಯೇ ಹಿಡಿದ ಫೋಟೋ ಇದು.

ರಾತ್ರಿ ಹೊತ್ತು 15 ಸೆಕೆಂಡ್ ಶಟರ್ ತೆರೆದಿಟ್ಟು ಕೂತರೆ ಕವಲು ಯಾರಿಗಾದರೂ ಸಿಗುತ್ತದೆ, ಆ ಮಾತು ಇಲ್ಲಿ ಬೇಡ. (ಒಂದು ಮಾತ್ರ: 1.3 ಸೆಕೆಂಡ್ ಮುಟ್ಟಿದ ಮೇಲೆ ಈ ಕ್ಯಾಮೆರಾ ಪ್ರತಿ ಫೋಟೋಗೂ ಡಾರ್ಕ್ ಫ್ರೇಮ್, ಅಂದರೆ ಶಟರ್ ಮುಚ್ಚಿಕೊಂಡೇ ಇನ್ನೊಂದು ಕಪ್ಪು ಫೋಟೋ, ತೆಗೆಯುತ್ತಾ ಅಷ್ಟೇ ಹೊತ್ತು ಕಣ್ಣು ಮುಚ್ಚಿಕೊಳ್ಳುತ್ತದೆ. ಕ್ಯಾನನ್ ಕ್ಯಾಮೆರಾಗಳಿಗೆ ಹವ್ಯಾಸಿಗಳು ಬರೆದ ಸಿಎಚ್‌ಡಿಕೆ ಸಾಫ್ಟ್‌ವೇರ್ ಹಾಕಿಕೊಂಡು, ಅದರಲ್ಲಿ ಇದನ್ನು ಆಫ್ ಮಾಡಿಕೊಳ್ಳಿ. ಒಳ್ಳೊಳ್ಳೆ ಮಿಂಚೆಲ್ಲ ಹೊಡೆಯುವುದು ಆ ಹೊತ್ತಿನಲ್ಲೇ.)

ಸರ್ಕ್ಯೂಟ್ ನಿಮಗೆಲ್ಲ ಗೊತ್ತಿರುವಂಥದ್ದೇ. ಬೆಳಕು ನೋಡಲು ಫೋಟೋಡಯೋಡ್, ಅದರ ಸಿಗ್ನಲ್ ಹಿಗ್ಗಿಸಲು ಎಲ್‌ಎಂ358, ನಡುವೆ ಬೆಳಕಿನ ಏರಿಳಿತವನ್ನಷ್ಟೇ ಬಿಡುವ ಕಪ್ಲಿಂಗ್ ಕೆಪಾಸಿಟರ್, ಕೋಡ್ ಓಡಿಸಲು ಎಟಿಟೈನಿ85 ಎಂಬ ಪುಟ್ಟ ಚಿಪ್, ಅಲ್ಲಿಂದ ಕ್ಯಾಮೆರಾದ ಮಿನಿ ಯುಎಸ್‌ಬಿಗೆ 5 ವೋಲ್ಟ್. ಬೆಸುಗೆ, ಡಬ್ಬ, ಬ್ಯಾಟರಿ ಕಥೆ ಬಿಡಿ. ಹೋದ ವರ್ಷವೂ ಇದು ಕೆಲಸ ಮಾಡುತ್ತಿತ್ತು. ಮಿಂಚಿದರೆ ಎಲ್‌ಇಡಿ ಮಿಣುಕುತ್ತಿತ್ತು, ಶಟರ್ ಬೀಳುತ್ತಿತ್ತು. ಆದರೆ ಕಾರ್ಡಿನಲ್ಲಿ ಇರುತ್ತಿದ್ದದ್ದು ಎರಡೇ ಥರದ ಫೋಟೋ: ಒಂದೋ ಖಾಲಿ ಆಕಾಶ, ಇಲ್ಲವೇ ಕವಲಿಲ್ಲದ ಬೋಳು ಗೆರೆ. ಆಕಾಶದ ತುಂಬ ಹರಡಿಕೊಂಡ ಮಿಂಚನ್ನು ಕಣ್ಣಾರೆ ನೋಡಿ, ಓಡಿಹೋಗಿ ಸ್ಕ್ರೀನ್ ನೋಡಿದರೆ ಬೋಳು ಗೆರೆ. ಎಷ್ಟು ಉರಿಯುತ್ತದೆ ಗೊತ್ತಾ?

ಇದರ ಮೂಲ ಇರುವುದು ಮಿಂಚಿನಲ್ಲೇ. ಮೋಡದಿಂದ ಮೊದಲು ಇಳಿಯುವುದು ಲೀಡರ್. ಸುಮಾರು 50 ಮೀಟರಿಗೊಂದು ಹೆಜ್ಜೆ ಇಡುತ್ತಾ, ದಾರಿ ಹುಡುಕುತ್ತಾ, ಕವಲೊಡೆಯುತ್ತಾ ಬರುತ್ತದೆ. ನೆಲ ಮುಟ್ಟಲು 20 ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಮುಟ್ಟಿದ ಕೂಡಲೇ ಅದೇ ದಾರಿಯಲ್ಲಿ ಕೆಳಗಿನಿಂದ ಮೇಲಕ್ಕೆ ರಿಟರ್ನ್ ಸ್ಟ್ರೋಕ್ ಹೋಗುತ್ತದೆ. ಕಣ್ಣು ಕುಕ್ಕುವ ಬೆಳಕು ಅದೇ, ಕವಲುಗಳು ಜೋರಾಗಿ ಹೊಳೆಯುವುದೂ ಆಗಲೇ. ಒಂದು ಮಿಲಿಸೆಕೆಂಡಿನೊಳಗೆ ಆ ಆಟ ಮುಗಿಯುತ್ತದೆ. ಆಮೇಲೆ 40–60 ಮಿಲಿಸೆಕೆಂಡಿಗೊಂದರಂತೆ ಸಾಮಾನ್ಯವಾಗಿ ಇನ್ನೆರಡು ಮೂರು ಸ್ಟ್ರೋಕ್ ಬರುತ್ತವೆ. ದಾರಿ ಆಗಲೇ ಸಿದ್ಧವಾಗಿರುವುದರಿಂದ ಅವು ಕವಲಿನ ಗೋಜಿಗೆ ಹೋಗುವುದಿಲ್ಲ. ನಮ್ಮ ಟ್ರಿಗರ್ ಎಚ್ಚರವಾಗುವುದು ಮೊದಲ ಸ್ಟ್ರೋಕಿಗೆ, ಕ್ಯಾಮೆರಾ ಹಿಡಿಯುವುದು ಎರಡನೆಯದನ್ನೋ ಮೂರನೆಯದನ್ನೋ. ಒಂದೇ ಸ್ಟ್ರೋಕಿನ ಮಿಂಚಾದರೆ ಅದೂ ಇಲ್ಲ. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂತ ಹಾಗೆ: ಅನ್ನ ಸಾರು ಸಿಗುತ್ತದೆ, ಹೋಳಿಗೆ ಮುಗಿದಿರುತ್ತದೆ.

ಹಾಗಾಗಿ ಕ್ಯಾಮೆರಾದ ತಡ ಇಳಿಸಬೇಕು, ಜೊತೆಗೆ ಟ್ರಿಗರ್ ಲೀಡರನ್ನೇ ನೋಡಿ ಎಚ್ಚರವಾಗಬೇಕು.

ತಡ ಅಳೆಯಲು ಎಲ್‌ಇಡಿ ಬಾರ್ ಎರಡು ಸಾಕು. ಟ್ರಿಗರ್ ಕೊಟ್ಟ ಕ್ಷಣದಿಂದ ಒಂದರಲ್ಲಿ ಮಿಲಿಸೆಕೆಂಡಿಗೊಂದು ದೀಪ ಓಡುತ್ತದೆ, ಇನ್ನೊಂದರಲ್ಲಿ 10 ಮಿಲಿಸೆಕೆಂಡಿಗೊಂದು. ಅದರದ್ದೇ ಫೋಟೋ ತೆಗೆದು, ಯಾವ ದೀಪ ಉರಿದಿದೆ ಅಂತ ನೋಡಿದರೆ ಆಯಿತು. ಆಟೋಫೋಕಸ್ ಇದ್ದಾಗ ಎರಡೂ ಬಾರ್ ಮುಗಿದು ಪೂರ್ತಿ ಕತ್ತಲು. ಫೋಕಸ್ ಅನಂತಕ್ಕೆ ಕಟ್ಟಿ, ಬಟನ್ ಅರ್ಧ ಒತ್ತಿದ ಸ್ಥಿತಿಯಲ್ಲಿ ಇಟ್ಟರೆ 80 ಮಿಲಿಸೆಕೆಂಡಿನ ಹತ್ತಿರ. ಇದೂ ಸಾಲದು.

ಕೈ ಹಿಡಿದದ್ದು ಸಿಎಚ್‌ಡಿಕೆಯ ರಿಮೋಟ್ ಮೆನುವಿನಲ್ಲಿ ಸುಮ್ನೆ ಬಿದ್ದಿರುವ ಸಿಂಕ್. ಜೋಡಿ ಕ್ಯಾಮೆರಾ ಇಟ್ಟು ತ್ರೀಡಿ ಫೋಟೋ ತೆಗೆಯುವವರು ಬಳಸುವಂಥದ್ದು. ಯುಎಸ್‌ಬಿಗೆ 5 ವೋಲ್ಟ್ ಬಂದಾಗ ಕ್ಯಾಮೆರಾ ಎಲ್ಲ ತಯಾರಿ ಮುಗಿಸಿ ಕಾಯುತ್ತದೆ, ವೋಲ್ಟೇಜ್ ಹೋದಾಗ ಕ್ಲಿಕ್. ಅಂದರೆ ಲೆಕ್ಕ ಉಲ್ಟಾ: ಸದಾ 5 ವೋಲ್ಟ್ ಕೊಟ್ಟಿಡಬೇಕು, ಮಿಂಚಿದಾಗ ಕಿತ್ತುಕೊಳ್ಳಬೇಕು. ತಡ 15–20 ಮಿಲಿಸೆಕೆಂಡಿಗೆ ಇಳಿದು ನಿಂತಿತು. ಒಂದು ಕಿರಿಕಿರಿ ಇದೆ. ಜಾಸ್ತಿ ಹೊತ್ತು ಕಾಯಿಸಿದರೆ ನನ್ನ ಕ್ಯಾಮೆರಾ ಬೇಸತ್ತು ತಾನೇ ಒಂದು ಫೋಟೋ ತೆಗೆದುಬಿಡುತ್ತದೆ. ಕಾರ್ಡಿನ ತುಂಬ ಸಂಜೆಯ ಮೋಡಗಳು. ಅಮ್ಮನಿಗೆ ಅವೇ ಮಿಂಚಿಗಿಂತ ಇಷ್ಟ.

ಇನ್ನು ಕಣ್ಣಿನ ವಿಷಯ. ಪಾರದರ್ಶಕ ಮುಖದ ಬಿಪಿಡಬ್ಲ್ಯು34 ಫೋಟೋಡಯೋಡ್ ಕೇಳಿದರೆ ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಿಂದ ಕೊರಿಯರಿನಲ್ಲಿ ಬಂದದ್ದು ಕಪ್ಪು ಮುಖದ್ದು. ಫೋನ್ ಮಾಡಿದರೆ, "ಎರಡೂ ಸೇಮೇ ಸರ್, ಕಲರ್ ಮಾತ್ರ ಬೇರೆ." ಕಲರ್ರೇ ತಾನೇ ಸ್ವಾಮಿ ಇಲ್ಲಿ ವಿಷಯ! ಕಪ್ಪು ಮುಖ ಅಂದರೆ ಇನ್‌ಫ್ರಾರೆಡ್ ಬಿಟ್ಟು ಉಳಿದ ಬೆಳಕನ್ನೆಲ್ಲ ತಡೆಯುವ ಫಿಲ್ಟರ್. ಮಿಂಚಿನ ಬೆಳಕಿನಲ್ಲಿ 777 ನ್ಯಾನೋಮೀಟರಿನ ಆಮ್ಲಜನಕದ ಗೆರೆ (ಬಿಸಿ ಆಮ್ಲಜನಕ ಸೂಸುವ ಒಂದೇ ಬಣ್ಣದ ಬೆಳಕು) ತುಂಬಾ ಜೋರು. ಅಮೆರಿಕದ ಗೋಸ್ ಹವಾಮಾನ ಉಪಗ್ರಹಗಳು ಹಗಲಲ್ಲೂ ಮಿಂಚು ಎಣಿಸುವುದು ಅದೇ ಗೆರೆ ಹಿಡಿದು. ಈ ಕಪ್ಪು ಫಿಲ್ಟರ್ ಬೆಳಕು ಬಿಡಲು ಶುರುಮಾಡುವುದು ಸರಿಯಾಗಿ ಆ ಗೆರೆಯ ಆಚೆಗೆ. ಆದರೂ ಕಪ್ಪಿಗೆ ಒಂದು ಗುಣ ಇದೆ, ಬೀದಿಯ ಎಲ್‌ಇಡಿ ದೀಪ ಅದಕ್ಕೆ ಕಾಣುವುದೇ ಇಲ್ಲ. ಜೋರು ಸ್ಟ್ರೋಕ್ ಸಾಕು ಅನ್ನುವವರಿಗೆ ಅದೇ ಒಳ್ಳೆಯದು. ನನಗೆ ಬೇಕಿದ್ದದ್ದು ಲೀಡರಿನ ಮಂದ ಬೆಳಕು, ಹಾಗಾಗಿ ಪಾರದರ್ಶಕದ್ದೇ ಬೇಕಾಯಿತು. ಬೇರೆ ಅಂಗಡಿ, ಮತ್ತೆ ಕೊರಿಯರ್ ಚಾರ್ಜು. ಡಯೋಡಿಗಿಂತ ಅದೇ ದುಬಾರಿ.

ಈಗ ನಿಜವಾದ ತಲೆನೋವು. ಸಾಮಾನ್ಯ ಸರ್ಕ್ಯೂಟುಗಳಲ್ಲಿ ಆ ಕೆಪಾಸಿಟರ್ 10 ನ್ಯಾನೋಫ್ಯಾರಡ್, ರೆಸಿಸ್ಟರ್ 10 ಕಿಲೋ ಓಮ್. ಗುಣಿಸಿದರೆ 0.1 ಮಿಲಿಸೆಕೆಂಡ್. ರಿಟರ್ನ್ ಸ್ಟ್ರೋಕಿನಂತೆ ಥಟ್ಟನೆ ಏರುವ ಬೆಳಕು ಮಾತ್ರ ಇದನ್ನು ದಾಟುತ್ತದೆ. ಮೋಡದೊಳಗಿನ ಮಿಣುಕು, ಲೀಡರಿನ ಮೆಲ್ಲನೆ ಏರುವ ಬೆಳಕು ಅಲ್ಲೇ ಸಾಯುತ್ತವೆ. ಕೆಪಾಸಿಟರನ್ನು 1 ಮೈಕ್ರೋಫ್ಯಾರಡ್ ಮಾಡಿದೆ, ಅಲ್ಲಿಗೆ 10 ಮಿಲಿಸೆಕೆಂಡ್. ಲೀಡರ್ ಕಾಣುತ್ತದೆ. ಜೊತೆಗೆ ಇಡೀ ಬೀದಿಯ ಟ್ಯೂಬ್‌ಲೈಟುಗಳೂ ಕಾಣುತ್ತವೆ! 50 ಹರ್ಟ್ಸ್ ಕರೆಂಟಿನಲ್ಲಿ ಅವು ಸೆಕೆಂಡಿಗೆ 100 ಸಲ ಮಿಣುಕುತ್ತವಲ್ಲ, ಟ್ರಿಗರ್‌ಗೆ ಅದೆಲ್ಲ ಮಿಂಚೇ.

ಫಿಲ್ಟರ್ ಕಟ್ಟುವ ಬದಲು ಕೋಡಿನಲ್ಲಿ ಒಂದು ಸಣ್ಣ ಉಪಾಯ ಮಾಡಿದೆ. 0.1 ಮಿಲಿಸೆಕೆಂಡಿಗೊಂದು ಸ್ಯಾಂಪಲ್ (ಬೆಳಕಿನ ಅಳತೆ), ಕೊನೆಯ 100 ಸ್ಯಾಂಪಲ್ ನೆನಪಿನಲ್ಲಿ. ಹೊಸದು ಬಂದಾಗ ಅದರಿಂದ ಸರಿಯಾಗಿ 10 ಮಿಲಿಸೆಕೆಂಡ್ ಹಿಂದಿನದನ್ನು ಕಳೆಯುವುದು. ಟ್ಯೂಬ್‌ಲೈಟ್ ಆಗ ಎಷ್ಟು ಬೆಳಗಿತ್ತೋ ಈಗಲೂ ಅಷ್ಟೇ, ಕಳೆದರೆ ಸೊನ್ನೆ. ಮಿಂಚು ಹಿಂದಿನ ಸಲ ಇರಲಿಲ್ಲ, ಈಗ ಇದೆ, ಉಳಿಯುತ್ತದೆ. ನಮ್ಮ ಗ್ರಿಡ್ಡು 49.90ರಿಂದ 50.05 ಹರ್ಟ್ಸ್ ಒಳಗೆ ಇರಬೇಕು ಅನ್ನುವುದು ನಿಯಮ. ಆ ಲೆಕ್ಕದಲ್ಲಿ 10 ಮಿಲಿಸೆಕೆಂಡಿಗೆ ಬರುವ ವ್ಯತ್ಯಾಸ 0.02 ಮಾತ್ರ. ಇಡೀ ಬೀದಿ ಮಾಯ! ಆ ಸಂಜೆ ನಾನು ಕುಣಿಯುವುದೊಂದು ಬಾಕಿ.

ಆಮೇಲೆ ಭರಣಿ ಮಳೆ ಬಂತು. ಭರಣಿ ಬಂದರೆ ಧರಣಿ ಬದುಕೀತು ಅಂತಾರೆ. ಧರಣಿ ಬದುಕಿತು, ಕರೆಂಟು ಹೋಯಿತು. ಫೋಟೋ ತೆಗೆಯುವವರಿಗೆ ಇದಕ್ಕಿಂತ ಖುಷಿ ಬೇಕಾ? ಊರೆಲ್ಲ ಕತ್ತಲು, ಎದುರಿಗೆ ಬೆಟ್ಟ. ಅಷ್ಟರಲ್ಲಿ ಪಕ್ಕದ ಮನೆಯ ಅಂಕಲ್ ಇನ್ವರ್ಟರ್ ಶುರುವಾಯಿತು. ನನ್ನ ಟ್ರಿಗರ್ ಹುಚ್ಚು ಹಿಡಿದಂತೆ ಕ್ಲಿಕ್ ಕ್ಲಿಕ್. ಇನ್ವರ್ಟರಿಗೆ ಗ್ರಿಡ್ ನಿಯಮ ಯಾರು ಹೇಳಬೇಕು? ಅದರದ್ದು 50 ಹರ್ಟ್ಸ್ ಅಲ್ಲವೇ ಅಲ್ಲ. ಕಳೆದರೆ ಸೊನ್ನೆ ಬರುತ್ತಿಲ್ಲ. ದೀಪ ಆರಿಸಿ ಅಂಕಲ್ ಅಂತ ಕೇಳುವ ಧೈರ್ಯವೂ ಬರಲಿಲ್ಲ. ಒಳಗಿನಿಂದ ಅಮ್ಮ, "ಎರಚಲು ಹೊಡೀತಿದೆ, ಕಿಟಕಿ ಮುಚ್ಚೋ!"

ಈಗಿನ ಕೋಡಿನಲ್ಲಿ 100 ಸ್ಯಾಂಪಲ್ ಅಂತ ಕಟ್ಟಿಲ್ಲ. ಆಕಾಶ ಸುಮ್ಮನಿರುವಾಗ 90ರಿಂದ 110ರವರೆಗೆ ಎಷ್ಟು ಸ್ಯಾಂಪಲ್ ಹಿಂದಿನದನ್ನು ಕಳೆದರೆ ಉಳಿಕೆ ಎಲ್ಲಕ್ಕಿಂತ ಕಡಿಮೆ ಅಂತ ತಾನೇ ಹುಡುಕಿಕೊಳ್ಳುತ್ತದೆ. 110 ಸ್ಯಾಂಪಲ್ಲಿಗೆ 220 ಬೈಟ್, ಎಟಿಟೈನಿಯ 512ರಲ್ಲಿ ಧಾರಾಳ. ಜೊತೆಗೆ ಡಯೋಡಿನ ಮುಂದೆ ಒಳಗೆ ಕಪ್ಪು ಬಳಿದ ಪಿವಿಸಿ ಪೈಪಿನ ತುಂಡು, ಮನೆಗಳ ಸಾಲಿನ ಮೇಲಕ್ಕೆ ಮುಖ. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಆ ಪೈಪಿನದೇ. ಮೇಲಿನ ಫೋಟೋ ಈ ಜೋಡಣೆಯದು: ಐಎಸ್‌ಒ 80, ಎಫ್/8, ಅರ್ಧ ಸೆಕೆಂಡ್, ಕ್ಯಾಮೆರಾ ಕಿಟಕಿಯ ಒಳಗೆ. ತಾರಸಿಗೆ ಹೋಗಿ ಟ್ರೈಪಾಡ್ ಹಿಡಿದು ನಿಲ್ಲುವವರ ಜೊತೆ ನನಗೆ ಮಾತಿಲ್ಲ. ಎಲ್ಲ ಮಿಂಚಿಗೂ ಕವಲು ಬರುತ್ತದೆ ಅಂತಲೂ ಅಲ್ಲ. ಮೋಡದೊಳಗೆ ಮೊದಲು ಮಿಣುಕಿ ಆಮೇಲೆ ಇಳಿದರೆ ಕ್ಯಾಮೆರಾಗೆ ಸಮಯ ಸಿಗುತ್ತದೆ. ಹೇಳದೆ ಕೇಳದೆ ಇಳಿದರೆ ಮತ್ತೆ ಬೋಳು ಗೆರೆಯೇ.

ಇದರ ಮಧ್ಯೆ ಎಎಸ್3935 ಮೇಲೆ ಕಣ್ಣು ಬಿದ್ದಿದೆ. 500 ಕಿಲೋಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆ ಕೇಳಿ, 40 ಕಿಲೋಮೀಟರ್ ದೂರದ ಗುಡುಗುಮಳೆಯನ್ನೂ ಅಂದಾಜು ಮಾಡುವ ಪುಟ್ಟ ಚಿಪ್. ಶಟರ್ ಬಿಡಲು ಅದು ನಿಧಾನ. ಆದರೆ ನಂಜನಗೂಡಿನ ಕಡೆಯಿಂದ ಮೋಡ ಬರುತ್ತಿದೆ, ಚಾರ್ಜಿಗೆ ಹಾಕಿದ ಬ್ಯಾಟರಿ ತೆಗೆ ಅಂತ ಎಚ್ಚರಿಸಲು ಸಾಕು. ಹಳೇ ಮರ್ಫಿ ರೇಡಿಯೋದ ಡಬ್ಬದೊಳಗೆ ಕೂರಿಸಿ, ಮುಳ್ಳಿನಲ್ಲೇ ದೂರ ತೋರಿಸುವ ಆಸೆ. ಡಬ್ಬ ಸಿಕ್ಕಿದೆ. ಮುಳ್ಳು ತಿರುಗಿಸುವ ಮೀಟರ್ ಬೇಕು.

ರೋಹಿಣಿ ಮಳೆ ಮುಗಿದು ಮುಂಗಾರು ಕೂತ ಮೇಲೆ ಇಲ್ಲಿ ಗುಡುಗು ಕಡಿಮೆ. ಆಮೇಲೆ ಹಿಂಗಾರಿನವರೆಗೆ ಕಾಯಬೇಕು. ಅಷ್ಟರೊಳಗೆ ಇನ್ನೊಂದು ಕಣ್ಣು ಕಟ್ಟಿ, ಎರಡೂ ಕಡೆ ಮಿಣುಕಿದರೆ ಮಾತ್ರ ಕ್ಲಿಕ್ ಆಗುವಂತೆ ಮಾಡಬೇಕು ಅಂತಿದ್ದೇನೆ. ಅಸಲಿ ಪಾರದರ್ಶಕ ಬಿಪಿಡಬ್ಲ್ಯು34 ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ಕಪ್ಪು ಬೇಕಿದ್ದವರಿಗೆ ನನ್ನ ಹತ್ತಿರ ಪುಕ್ಕಟೆ ಇದೆ.