ಲೋ ಶುಗರ್ ಆದವರು ಕೌಂಟರಿಗೆ ಬಂದಾಗ ಕೇಳಬೇಕಾದದ್ದು: ಯಾವ ಮಾತ್ರೆ?

ಬೆಳಿಗ್ಗೆ ಮಾತ್ರೆ ನುಂಗಿ ತಿಂಡಿ ಮರೆತು ಪೇಟೆಗೆ ಬಂದವರು, ಏಕಾದಶಿ ಉಪವಾಸ ಹಿಡಿದರೂ ಶುಗರ್ ಮಾತ್ರೆ ಬಿಡದವರು ತಲೆಸುತ್ತಿದರೆ ಮೊದಲು ಹೋಗಿ ನಿಲ್ಲುವುದು ಮೆಡಿಕಲ್ ಶಾಪಿನ ಎದುರು. ಬೆವರು, ಕೈನಡುಕ, ಎದೆ ಡವಡವ, ತೊದಲು ಮಾತು ಕಂಡರೆ ಮೊದಲು ಕೂರಿಸಿ. ಬೆರಳು ತೊಳೆಸಿ ಗ್ಲುಕೋಮೀಟರ್ ಹಚ್ಚಿ. ಬೆರಳಿಗೆ ಬಾಳೆಹಣ್ಣಿನ ಅಂಟಿದ್ದರೂ ಸಾಕು, ಮೀಟರ್ ಸುಳ್ಳು ಹೇಳುತ್ತದೆ. 70ಕ್ಕಿಂತ ಕೆಳಗೆ ಲೋ ಶುಗರ್, 54ಕ್ಕಿಂತ ಕೆಳಗೆ ಅಪಾಯ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಸಿಹಿ ಕೊಟ್ಟುಬಿಡಿ. ಬಿ.ಪಿ.ಗೆ ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಡವಡವ ಮರೆಯಾಗಿ ಬರೀ ಬೆವರು ಉಳಿಯಬಹುದು.

ಕೊಡಬೇಕಾದದ್ದು 15 ಗ್ರಾಂ ಗ್ಲುಕೋಸ್, ಅಂದರೆ ಮೂರು ಟೀ ಚಮಚ ತುಂಬ ಪುಡಿ, ಅರ್ಧ ಲೋಟ ನೀರಿನಲ್ಲಿ ಕಲಕಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಇಡ್ಲಿಯೋ ಬನ್ನೋ ತಿನ್ನಿಸಿ. ಚಾಕೊಲೇಟ್ ಕೈಗಿಡುವವರಿದ್ದಾರೆ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಓಆರ್‌ಎಸ್ ಕೂಡ ಇದಕ್ಕಲ್ಲ: ಲೀಟರಿಗೆ 13.5 ಗ್ರಾಂ ಗ್ಲುಕೋಸ್ ಇರುವ ದ್ರಾವಣ ಒಂದು ಲೋಟ ಕುಡಿದರೆ ಸಿಗುವುದು ಸುಮಾರು ಮೂರು ಗ್ರಾಂ ಅಷ್ಟೇ.

ಇಲ್ಲೇ ಮಾತ್ರೆಯ ಹೆಸರು ಬೇಕಾಗುವುದು. ನಮ್ಮಲ್ಲಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೊಗ್ಲಿಬೋಸ್ ಮೂರೂ ಸೇರಿದ ಮಾತ್ರೆ ತುಂಬಾ ಓಡುತ್ತದೆ. ವೊಗ್ಲಿಬೋಸ್ ಮಾಡುವ ಕೆಲಸವೇ ಕರುಳಿನಲ್ಲಿ ಸಕ್ಕರೆ ಒಡೆಯದಂತೆ ತಡೆಯುವುದು. ಇವರಿಗೆ ಅಡುಗೆಮನೆಯ ಸಕ್ಕರೆ, ಬೆಲ್ಲ ಕೊಟ್ಟರೆ ಬೇಗ ಏರುವುದಿಲ್ಲ. ನೇರ ಗ್ಲುಕೋಸೇ ಆಗಬೇಕು. ಡಬ್ಬದ ಲೇಬಲ್ ಓದಿ, ಫ್ಲೇವರ್ ಹಾಕಿದ ಪುಡಿಗಳಲ್ಲಿ ಸಕ್ಕರೆ ಬೆರೆತಿರಬಹುದು. ಇನ್ನು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ನುಂಗಿದವರು ‘ಈಗ ಪರವಾಗಿಲ್ಲ’ ಎಂದು ಎದ್ದು ಹೊರಟರೂ ಕೆಲವು ತಾಸಿನ ಮೇಲೆ ಮತ್ತೆ ಇಳಿಯಬಹುದು. ವಯಸ್ಸಾದವರು, ಕಿಡ್ನಿ ತೊಂದರೆ ಇರುವವರಲ್ಲಿ ಮಾತ್ರೆ ಮೈಯಿಂದ ಬೇಗ ಹೋಗುವುದೇ ಇಲ್ಲ. ಇವರನ್ನು ಮನೆಗೆ ಕಳಿಸಬೇಡಿ, ಆಸ್ಪತ್ರೆಗೆ ಕಳಿಸಿ.

ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಕೆಲವು ಲೋ ಶುಗರ್ ಹುಟ್ಟುವುದೇ ನಮ್ಮ ಕೌಂಟರಿನಲ್ಲಿ. ಇನ್ಸುಲಿನ್ ಬಾಟಲಿ ಒಂದು ಮಿ.ಲೀ.ಗೆ 40 ಯೂನಿಟ್‌ನದು, 100 ಯೂನಿಟ್‌ನದು ಎರಡೂ ಬರುತ್ತವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ. 100ರ ಬಾಟಲಿಗೆ ಕೆಂಪು ಸಿರಿಂಜ್ ಕೊಟ್ಟರೆ, 20ರ ಗೆರೆವರೆಗೆ ಎಳೆದಾಗ ಮೈಗೆ ಹೋಗುವುದು 50 ಯೂನಿಟ್. ತಿರುಗುಮುರುಗಾದರೆ ಬರೀ 8 ಯೂನಿಟ್. ಶುಗರ್ ಏರುತ್ತಲೇ ಇರುತ್ತದೆ, ಡಾಕ್ಟರ್ ಡೋಸ್ ಹೆಚ್ಚಿಸುತ್ತಲೇ ಇರುತ್ತಾರೆ. ಪೆನ್ನಿನ ಕಾರ್ಟ್ರಿಜ್ 100ರದು. ಪೆನ್ ಕೆಟ್ಟಿತೆಂದು ಅದರಿಂದ ಕೆಂಪು ಸಿರಿಂಜಿನಲ್ಲಿ ಎಳೆದರೂ ಅದೇ ಅನಾಹುತ. ಹಾಗಾಗಿ ‘ಇನ್ಸುಲಿನ್ ಸಿರಿಂಜ್ ಕೊಡಿ’ ಅಂದವರಿಗೆ ಬಾಟಲಿ ತೋರಿಸಿ ಅನ್ನಲೇಬೇಕು. ಗಿರಾಕಿ ಗೊಣಗಿದರೆ ಗೊಣಗಲಿ.

ಶುಗರ್ ಏರಿದಾಗಿನ ತುರ್ತು ಬೇರೆ ವೇಷದಲ್ಲಿ ಬರುತ್ತದೆ: ‘ಎರಡು ದಿನದಿಂದ ವಾಂತಿ, ಹೊಟ್ಟೆನೋವು, ಮಾತ್ರೆ ಕೊಡಿ’. ಉಸಿರು ಆಳವಾಗಿ, ಜೋರಾಗಿ ಓಡುತ್ತಿದ್ದರೆ, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬರುತ್ತಿದ್ದರೆ ಕೀಟೋಆಸಿಡೋಸಿಸ್, ಅಂದರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರುವ ಸ್ಥಿತಿ, ಇರಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮೀಟರ್ 250ಕ್ಕಿಂತ ಕೆಳಗೆ ತೋರಿಸುತ್ತಿದ್ದರೂ ಇದು ಆಗಬಹುದು. ವಾಂತಿ ಮಾತ್ರೆ ಮಾರಿ ಸುಮ್ಮನಾಗಬೇಡಿ, ತಕ್ಷಣ ಆಸ್ಪತ್ರೆಗೆ ಕಳಿಸಿ. ‘400 ಇದೆ, ಒಂದು ಇನ್ಸುಲಿನ್ ಚುಚ್ಚಿಬಿಡಿ’ ಅನ್ನುವವರಿಗೂ ಇದೇ ಉತ್ತರ.

ಕಳಿಸುವಾಗ ಒಂದು ಚೀಟಿಯಲ್ಲಿ ಮಾತ್ರೆ ಅಥವಾ ಇನ್ಸುಲಿನ್ ಹೆಸರು, ಡೋಸ್, ತೆಗೆದುಕೊಂಡ ಹೊತ್ತು, ಮೀಟರ್ ಅಂಕಿ, ಕೊಟ್ಟ ಗ್ಲುಕೋಸ್ ಬರೆದು ಜೊತೆಗಿರುವವರ ಕೈಗೆ ಕೊಡಿ. ಖಾಲಿ ಸ್ಟ್ರಿಪ್ ಇದ್ದರೆ ಅದೂ ಜೊತೆಗೆ ಹೋಗಲಿ.