ವಾಟರ್ ಬೆಡ್ಡಿಗೆ ಹನ್ನೆರಡು ಕೊಡಪಾನ ನೀರು

ಹಾಸಿಗೆ ಹಿಡಿದವರನ್ನು ಮಲಗಿಸುವ ವಾಟರ್ ಬೆಡ್ ಅಂದ್ರೆ ಅದಕ್ಕೆ ನೀರು ನಾವೇ ತುಂಬಿಸ್ಬೇಕು ಅಂತ ನಂಗೆ ಅವತ್ತಿನ ತನಕ ಗೊತ್ತೇ ಇರ್ಲಿಲ್ಲ. ನಗ್ಬೇಡಿ. ಅಂಗಡಿಯಿಂದ ಬರುವಾಗ್ಲೇ ನೀರು ಹಾಕಿ ಸೀಲ್ ಮಾಡಿ ಬರ್ತದೆ ಅಂತ ಗ್ರಹಿಸಿದ್ದೆ, ಆದ್ರೆ ಓಮ್ನಿಯ ಹಿಂದಿನ ಸೀಟಲ್ಲಿ ಅದನ್ನು ಕಂಬಳಿ ಹಾಗೆ ಸುತ್ತಿಟ್ಟದ್ದು ನೋಡಿ "ಇದು ಇಷ್ಟೇ ಎಂತ?" ಅಂತ ಕೇಳಿದ್ದಕ್ಕೆ ನಮ್ಮ ಡ್ರೈವರ್ ಇಚ್ಚ ಪೆರ್ಲ ಪೇಟೆ ದಾಟುವ ತನಕ ನಗಾಡಿದ್ರು.

ನಾನು ಆಗ ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯ ಕಲಿಯುವ ಸ್ಟೂಡೆಂಟ್, ಫೆಬ್ರವರಿಯಲ್ಲಿ ಒಂದು ತಿಂಗಳು ಇಂಟರ್ನ್‌ಶಿಪ್ ಮಾಡ್ಬೇಕಿತ್ತು. ಕ್ಲಾಸಿನವರೆಲ್ಲ ಬೆಂಗಳೂರು ಮೈಸೂರು ಅಂತ ಹೋದ್ರು, ನಾನು ಮನೆ ಊಟ ಸಿಗ್ತದೆ ಅನ್ನುವ ಒಂದೇ ಕಾರಣಕ್ಕೆ ಕಾಸರಗೋಡಿನ ಒಂದು ಪಾಲಿಯೇಟಿವ್ ಸಂಸ್ಥೆಗೆ, ಅಂದ್ರೆ ವಾಸಿಯಾಗದ ಕಾಯಿಲೆಯವರ ನೋವು ಕಮ್ಮಿ ಮಾಡಿ ನೋಡಿಕೊಳ್ಳುವ ಸಂಸ್ಥೆಗೆ ಅರ್ಜಿ ಹಾಕಿದೆ. ಕಾಸರಗೋಡು ಅಂದ ಕೂಡ್ಲೇ ಕ್ಲಾಸಲ್ಲಿ ಎಲ್ಲರೂ ಕೇಳಿದ್ದು ಒಂದೇ, "ಎಂಡೋಸಲ್ಫಾನಾ?" ಅಂತ. ಹೌದು, ನಮ್ಮ ಕಡೆಯ ಗೇರು ಗುಡ್ಡೆಗಳ ಮೇಲೆ 2000ದ ತನಕ ಹೆಲಿಕಾಪ್ಟರಲ್ಲಿ ಆ ಕೀಟನಾಶಕವನ್ನು ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇಡೀ ದೇಶದಲ್ಲೇ ನಿಲ್ಲಿಸಿದ್ದು ಎಲ್ಲ ಸತ್ಯ, ಅದರಿಂದ ಕಾಯಿಲೆ ಆದವರ ಮನೆಗಳಿಗೂ ನಾವು ಹೋಗ್ತಿದ್ದೆವು. ಆದ್ರೆ ನಮ್ಮ ಊರಲ್ಲಿ ಮಲಗಿದವರೆಲ್ಲ ಅದರಿಂದ ಮಲಗಿದವರಲ್ಲ. ನಮ್ಮ ಲಿಸ್ಟಲ್ಲಿ ಕ್ಯಾನ್ಸರಿನವರು, ಪಕ್ಷವಾತದವರು ಇದ್ರು, ಮತ್ತೆ ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರು. ಇವರನ್ನು ಕೇಳಿಕೊಂಡು ಯಾವ ಕ್ಯಾಮೆರಾದವರೂ ಬರುದಿಲ್ಲ.

ಕೇರಳದಲ್ಲಿ 2008ರಲ್ಲೇ ಪಾಲಿಯೇಟಿವ್‌ಗೆ ಅಂತ ಸರಕಾರದ ಪಾಲಿಸಿ ಬಂದದ್ದು, ಈಗ ಪಂಚಾಯತಿನಿಂದಲೇ ನರ್ಸ್ ಮನೆಗೆ ಬರ್ತಾರೆ, ಅದರ ಜೊತೆ ನಮ್ಮಂಥ ಚಾರಿಟಿಯವರೂ ಹೋಗುದು. ನನ್ನ ಕೆಲಸ ಬ್ಯಾಗ್ ಹೊರುದು ಮತ್ತೆ ರಿಜಿಸ್ಟರ್ ಬರೆಯುದು. ಬ್ಯಾಗಲ್ಲಿ ಮೂತ್ರ ಹೋಗ್ಲಿಕ್ಕೆ ಹಾಕುವ ಕ್ಯಾಥೆಟರ್ ನಳಿಗೆ, ಗಾಜ್ ಬಟ್ಟೆ, ಸಲೈನ್, ಹುಣ್ಣು ವಾಸನೆ ಬರ್ತಿದ್ರೆ ಪುಡಿ ಮಾಡಿ ಹಾಕ್ಲಿಕ್ಕೆ ಮೆಟ್ರೊನಿಡಜೋಲ್ ಮಾತ್ರೆ. ಹೊಟ್ಟೆಗೆ ತಿನ್ನುವ ಮಾತ್ರೆಯನ್ನು ಗಾಯಕ್ಕೆ ಉದುರಿಸ್ತಾರೆ ಅಂತ ನನ್ನ ಯಾವ ಪಠ್ಯದಲ್ಲೂ ಇರ್ಲಿಲ್ಲ. ರಿಜಿಸ್ಟರ್ ಇದ್ದದ್ದು ಮಲಯಾಳದಲ್ಲಿ. ನಾನು ಕನ್ನಡ ಮೀಡಿಯಂ, ಮಲಯಾಳ ಮಾತಾಡ್ತೇನೆ, ಆದ್ರೆ ಓದುದು ಬಸ್ಸಿನ ಬೋರ್ಡ್ ಓದುವಷ್ಟೇ. ಫಲಾನುಭವಿಗೆ ಅದರಲ್ಲಿ 'ಗುಣಭೋಕ್ತಾವ್' ಅಂತ ಒಂದು ಕಾಲಂ ಉಂಟು, ಒಳ್ಳೆಯದನ್ನು ಊಟ ಮಾಡುವವ ಅಂತಲೋ ಏನೋ ಅನಿಸಿ ಪ್ರತಿ ಸಲ ಬರೆಯುವಾಗ ನಂಗೆ ಒಳಗೊಳಗೇ ನಗು.

ಅವತ್ತು ಹೋದ ಮನೆ ಪೆರ್ಲದಿಂದ ಒಳಗೆ, ಗುಡ್ಡೆಯ ಬದಿ. ಓಮ್ನಿ ಹೋಗುವುದು ಅರ್ಧ ದಾರಿಗೆ, ಮತ್ತೆ ಅಡಿಕೆ ತೋಟದ ಒಳಗೆ ನಡೆದು ಎರಡು ಸಂಕ ದಾಟ್ಬೇಕು. ಆ ಅಣ್ಣನಿಗೆ ನಲ್ವತ್ತು ದಾಟಿತ್ತಷ್ಟೆ. ಹನ್ನೊಂದು ವರ್ಷದ ಹಿಂದೆ ಮಳೆಗಾಲ ಸುರು ಆಗುವ ಹೊತ್ತಿಗೆ ಯಾರದ್ದೋ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡ್ಲಿಕ್ಕೆ ಮರ ಹತ್ತಿದವರು, ಹಿಂದಿನ ರಾತ್ರಿ ಹನಿ ಬಿದ್ದು ಮರ ಜಾರ್ತಿತ್ತಂತೆ. ಸೊಂಟದಿಂದ ಕೆಳಗೆ ಗೊತ್ತಾಗುದಿಲ್ಲ. ಬೆನ್ನ ಕೆಳಗೆ ಹುಣ್ಣು, ಅದಕ್ಕೇ ಈ ವಾಟರ್ ಬೆಡ್. ಮನೆಯಲ್ಲಿ ಅಮ್ಮ ಮಾತ್ರ ಇದ್ದದ್ದು, ಹೆಂಡತಿ ಉದ್ಯೋಗಖಾತರಿ ಕೆಲಸಕ್ಕೆ ಹೋಗಿದ್ರು.

ನಮ್ಮ ಜೊತೆ ಅವತ್ತು ಸಂಸ್ಥೆಯ ಅಧ್ಯಕ್ಷರೂ ಬಂದಿದ್ರು, ಬೆಡ್ ಕೊಡುವ ಫೋಟೋ ಬೇಕಲ್ಲ. ಸುತ್ತಿದ ಬೆಡ್ಡನ್ನು ಅವರು ಹಿಡಿದದ್ದು, ಅಮ್ಮನೂ ಅದರ ಒಂದು ತುದಿ ಹಿಡಿದದ್ದು, ಮೊಬೈಲಲ್ಲಿ ನಾಲ್ಕು ಫೋಟೋ ನಾನೇ ತೆಗೆದೆ. ಒಂದರಲ್ಲಿ ಅಮ್ಮ ಕಣ್ಣು ಮುಚ್ಚಿದ್ರು ಅಂತ ಮತ್ತೊಂದು. ಬೆಲ್ಲ ನೀರು ಕುಡಿದು ಅಧ್ಯಕ್ಷರು ಅವರ ಕಾರಲ್ಲಿ ಹೋದ್ರು. ಆಮೇಲೆ ಅಮ್ಮ ಬೆಡ್ಡನ್ನು ಬಿಡಿಸಿ ನೋಡಿ, "ಉಂದೆಟ್ ನೀರ್ ದಿಂಜಾವೊಡಾ?" ಅಂತ ತುಳುವಲ್ಲಿ ಕೇಳಿದ್ರು, ಇದಕ್ಕೆ ನೀರು ತುಂಬಿಸ್ಬೇಕಾ ಅಂತ. ಕೇಳಿ ಅಂಗಳದ ಆಚೆ ಬದಿ ನೋಡಿದ್ರು. ಅಲ್ಲಿಗೆ ನೀರು ಬರುದು ಸುರಂಗದಿಂದ.

ಘಟ್ಟದ ಮೇಲಿನವರಿಗೆ ಗೊತ್ತಿರ್ಲಿಕ್ಕಿಲ್ಲ, ನಮ್ಮ ಕಡೆ ಬಾವಿ ತೋಡ್ಲಿಕ್ಕೆ ಆಗದ ಗುಡ್ಡೆಯಲ್ಲಿ ಅಡ್ಡಕ್ಕೆ ಕೊರೀತಾರೆ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಮಾಟೆ, ಒಳಗೆ ಮುರಕಲ್ಲಿನಿಂದ, ಅಂದ್ರೆ ಕೆಂಪು ಜಂಬಿಟ್ಟಿಗೆ ಕಲ್ಲಿನಿಂದ, ಒಸರಿದ ನೀರು ತಾನಾಗಿ ಹರಿದು ಹೊರಗೆ ಬರ್ತದೆ. ಪಂಪು ಬೇಡ ಕರೆಂಟು ಬೇಡ. ಮೊದಲು ಅಡಿಕೆ ಮರದ ದಂಬೆಯಲ್ಲಿ ತರ್ತಿದ್ರು, ಈಗ ಪೈಪು. ಆದ್ರೆ ಫೆಬ್ರವರಿಯಲ್ಲಿ ಆ ಪೈಪಿನಿಂದ ಬರುವ ನೀರು ಕಿರುಬೆರಳಿನಷ್ಟು ದಪ್ಪ.

ನಮ್ಮ ಸಂಸ್ಥೆಯ ನರ್ಸ್ ಸಿಸ್ಟರ್ ಡ್ರೆಸ್ಸಿಂಗ್ ಸುರು ಮಾಡಿದ್ರು, ಬೆಡ್ ರೆಡಿ ಮಾಡುವ ಕೆಲಸ ನಂಗೆ. ನಾನು ದೊಡ್ಡ ಜನ ಹಾಗೆ ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ್ದ ಅಡಿಕೆಯನ್ನು ಸ್ವಲ್ಪ ಬದಿಗೆ ಮಾಡಿ, ಬೆಡ್ಡನ್ನು ಅಲ್ಲೇ ಹಾಸಿ, ಒಳಗಿನ ಗಾಳಿ ಹೋಗ್ಲಿ ಅಂತ ಅದರ ಮೇಲೆ ಮೊಣಕಾಲೂರಿ ಒತ್ತಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಕೊಡಪಾನ ತುಂಬುದು, ನಾನೂ ಇಚ್ಚನೂ ತಂದು ಲಾಳಿಕೆ ಇಟ್ಟು ಮಂಚದ ಮೇಲಿನ ಬೆಡ್ಡಿಗೆ ಹೊಯ್ಯುದು, ಮತ್ತೆ ಇನ್ನೊಂದು ತುಂಬುವ ತನಕ ಜಗಲಿಯಲ್ಲಿ ಕೂರುದು. ಹನ್ನೆರಡು ಕೊಡಪಾನ ಹಿಡೀತು, ಎರಡೂವರೆ ಗಂಟೆ. ಆ ಹೊತ್ತಲ್ಲಿ ಅಮ್ಮ ಒಂದು ಪ್ಲಾಸ್ಟಿಕ್ ಕವರ್ ತಂದು ಮುಂದಿಟ್ರು, ಆಶ್ವಾಸಕಿರಣಂ ಫಾರ್ಮು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಗ ತಿಂಗಳಿಗೆ 600 ರೂಪಾಯಿ ಸಿಗ್ತಿದ್ದಂಥದ್ದು. ಯಾರೋ ತಂದುಕೊಟ್ಟು ವರ್ಷ ಆಯ್ತಂತೆ, ಮನೆಯಲ್ಲಿ ಮಲಯಾಳ ಓದುವವರಿಲ್ಲ. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದ್ಲಿಕ್ಕೆ ಹೊರಟೆ, ತಪ್ಪಿದಲ್ಲಿ ಒಳಗಿನಿಂದ ಸಿಸ್ಟರ್ ತಿದ್ದುದು, ಸಿಸ್ಟರ್ ಹೇಳಿದ್ದನ್ನು ನಾನು ತುಳುವಿಗೆ ಮಾಡುದು, ಮಲಗಿದ್ದಲ್ಲಿಂದಲೇ ಅಣ್ಣ ನನ್ನ ತುಳುವನ್ನು ತಿದ್ದುದು. ಎಂಎಸ್‌ಡಬ್ಲ್ಯೂ ಎರಡು ವರ್ಷದಲ್ಲಿ ಇಷ್ಟು ಉಪಯೋಗಕ್ಕೆ ಬಿದ್ದ ದಿವಸ ಇನ್ನೊಂದಿಲ್ಲ ಅಂತ ಆಗ ಅನಿಸಿತ್ತು.

ನೀರು ಎಷ್ಟಾಗ್ಬೇಕು ಅಂತಲೂ ಒಂದು ಲೆಕ್ಕ ಉಂಟು. ಜಾಸ್ತಿ ಆದ್ರೆ ಬೆಡ್ಡು ಕಲ್ಲಿನ ಹಾಗೆ ಗಟ್ಟಿ, ಕಮ್ಮಿ ಆದ್ರೆ ಬೆನ್ನು ಹಲಗೆಗೆ ತಾಗ್ತದೆ. ಸಿಸ್ಟರ್ "ಮೋನೇ, ಕೈ ಒತ್ತಿ ನೋಡು" ಅಂತ ತೋರಿಸಿಕೊಟ್ರು. ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಅಣ್ಣನನ್ನು ಮಲಗಿಸಿದೆವು. "ಹೇಗುಂಟು ಅಣ್ಣ?" ಕೇಳಿದೆ. "ಬೆನ್ನಿಗೆ ಎಂತ ಗೊತ್ತಾಗ್ತದೆ ಮಾರಾಯ, ತಲೆಗೆ ಮಾತ್ರ ದೋಣಿಯಲ್ಲಿ ಕೂತ ಹಾಗೆ ಆಗ್ತದೆ" ಅಂದ್ರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುದು ಬಿಡ್ಬಾರ್ದು, ಬೆಡ್ ಬಂತು ಅಂತ ಅದು ತಪ್ಪುದಿಲ್ಲ ಅಂತ ಸಿಸ್ಟರ್ ಅಮ್ಮನಿಗೆ ಮೂರು ಸಲ ಹೇಳಿದ್ರು. ರಾತ್ರಿ ನಾನು ರಿಪೋರ್ಟ್ ಬರೆದೆ. ಗುಣಭೋಕ್ತಾವ್ 1, ವಾಟರ್ ಬೆಡ್ 1, ಫೋಟೋ 4. ಆ ಫೋಟೋ ಗ್ರೂಪಲ್ಲಿ ಬಂದು ಎಲ್ಲರೂ ಕೈಮುಗಿಯುವ ಇಮೋಜಿ ಹಾಕಿದ್ರು.

ಮರುದಿನ ಬೆಳಿಗ್ಗೆ ಆರಕ್ಕೆ ಅಮ್ಮನ ಫೋನು.

ರಾತ್ರಿ ಎರಡು ಗಂಟೆಗೆ ಅವರ ಚಾಪೆ ಒದ್ದೆ ಆಗಿ ಎಚ್ಚರ ಆಯ್ತಂತೆ. ಅವರು ಮಲಗುದು ಮಂಚದ ಬದಿಯಲ್ಲಿ ನೆಲಕ್ಕೆ. ಮೂತ್ರದ ಚೀಲ ಒಡೆಯಿತು ಅಂತ ಗ್ರಹಿಸಿ ಲೈಟ್ ಹಾಕಿದ್ರೆ ಚೀಲ ಸರಿ ಉಂಟು, ಬೆಡ್ಡಿನ ಅಡಿಯಿಂದ ನೀರು ಹನೀತಾ ಉಂಟು. ಮಗನ ಬೆನ್ನು, ಸೊಂಟ, ಹುಣ್ಣಿಗೆ ಕಟ್ಟಿದ ಗಾಜ್ ಬಟ್ಟೆ ಎಲ್ಲ ಚಂಡಿ, ಅವನಿಗೆ ಅದು ಗೊತ್ತೇ ಇಲ್ಲ, ಚಂದ ನಿದ್ದೆ ಮಾಡ್ತಿದ್ದಾನೆ. "ನೀವು ಕೊಟ್ಟದ್ದು ಹಾಳು ಅಂತ ಹೇಳುದಲ್ಲ ಮಗಾ, ನಾವು ಮಲಗಿಸಿದ್ದು ಸರಿ ಆಗ್ಲಿಲ್ವಾ ಏನೋ" ಅಂದ್ರು. ನಂಗೆ ಅಂಗಳ ನೆನಪಾಯ್ತು. ಆ ಮುರಕಲ್ಲಿನ ಚೂರುಗಳು, ನನ್ನ ಮೊಣಕಾಲು.

ಆಫೀಸಲ್ಲಿ ಹೇಳಿದೆ, ನಾನು ಅಂಗಳದಲ್ಲಿ ಹಾಸಿದ್ದು ಮಾತ್ರ ಹೇಳ್ಲಿಲ್ಲ, ಅಷ್ಟು ಧೈರ್ಯ ಇರ್ಲಿಲ್ಲ. ಅಲ್ಲಿ ಉತ್ತರ ಬಂತು, ಒಬ್ಬರಿಗೆ ಒಂದು ಬೆಡ್, ಕೊಟ್ಟದ್ದು ರಿಜಿಸ್ಟರಲ್ಲಿ ಏರಿದೆ, ಇನ್ನೊಂದು ಬೇಕಾದ್ರೆ ಕಮಿಟಿ ಮೀಟಿಂಗ್ ಆಗ್ಬೇಕು. ಆ ವಾರ್ಡಿಗೆ ನಮ್ಮ ಮುಂದಿನ ವಿಸಿಟ್ ಹದಿನೈದು ದಿವಸ ಕಳೆದು. ಸಿಟ್ಟು ಬಂತು, ಆದ್ರೆ ಯಾರ ಮೇಲೆ ಸಿಟ್ಟು ಮಾಡುದು, ಮೊಣಕಾಲು ನನ್ನದೇ ಅಲ್ವಾ. ಸಿಸ್ಟರ್ ಪಂಚಾಯತಿನ ನರ್ಸಿಗೆ ಫೋನ್ ಮಾಡಿ ಡ್ರೆಸ್ಸಿಂಗ್ ಅವತ್ತೇ ಬದಲಿಸುವ ಹಾಗೆ ಮಾಡಿದ್ರು. ಇಚ್ಚನಿಗೆ ಮಾತ್ರ ನಾನು ಪೂರ್ತಿ ಕಥೆ ಹೇಳಿದೆ. ಈ ಸಲ ಅವರು ನಗಾಡ್ಲಿಲ್ಲ. "ರಬ್ಬರಲ್ವಾ, ಸೈಕಲ್ ಟ್ಯೂಬಿಗೆ ಎಂತ ಮಾಡ್ತಾರೆ?" ಅಂದ್ರು.

ಆದಿತ್ಯವಾರ ಇಚ್ಚನ ಬೈಕಲ್ಲಿ ಹೋದೆವು. ದಾರಿಯಲ್ಲಿ ಪಂಕ್ಚರ್ ಅಂಗಡಿಯಿಂದ ಸೊಲ್ಯೂಷನ್, ಪ್ಯಾಚ್, ಉಜ್ಜುವ ಕಾಗದ ತಗೊಂಡ್ರು. ಬೆಡ್ಡಲ್ಲಿ ಉಳಿದ ನೀರನ್ನು ಚೆಲ್ಲಲಿಕ್ಕೆ ಅಮ್ಮ ಬಿಡ್ಲಿಲ್ಲ, ಬಾಲ್ದಿಗೆ ಹಿಡಿದು ಬಸಳೆ ಬುಡಕ್ಕೆ ಹೊಯ್ದ್ರು. ತೂತು ಸಾಸಿವೆಯಷ್ಟೂ ಇಲ್ಲ, ಸೋಪಿನ ನೊರೆ ಹಚ್ಚಿ ಊದಿ ಹುಡುಕ್ಬೇಕಾಯ್ತು. ನಾನು ಅಮ್ಮನಿಗೆ ಹೇಳಿದೆ, ಅಂಗಳದಲ್ಲಿ ಹಾಸಿದ್ದು ನಾನು, ಒತ್ತಿದ್ದು ನಾನು ಅಂತ. ಅವರು "ಗೊತ್ತುಂಟು, ಅವತ್ತೇ ನೋಡಿದೆ" ಅಂದ್ರು. ಮತ್ತೆ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ದಕ್ಕೆ, "ಕಲಿತವರಿಗೆ ನಾನೆಂತ ಹೇಳುದು" ಅಂತ ಒಳಗೆ ಹೋಗಿ ಚಾ ಇಟ್ರು.

ಈ ಸಲ ಮಂಚದ ಹಲಗೆಗೆ ಕೈ ಆಡಿಸಿ ಮೊಳೆ ಉಂಟಾ ನೋಡಿ, ಹಳೆ ಕಂಬಳಿ ಹಾಸಿ, ಅದರ ಮೇಲೆ ಬೆಡ್ ಇಟ್ಟು ಪುನಃ ಹನ್ನೆರಡು ಕೊಡಪಾನ. ಹೆಂಡತಿಯೂ ಮನೆಯಲ್ಲಿದ್ರು, ಎರಡು ಗಂಟೆಯೊಳಗೆ ಮುಗೀತು. ಅಣ್ಣ "ಈಗ ದೋಣಿ ಮುಳುಗುದಿಲ್ಲ ಅಲ್ವಾ?" ಅಂತ ಕೇಳಿದ್ರು. ಇಚ್ಚ ಗ್ಯಾರಂಟಿ ಕೊಟ್ರು, ಆರು ತಿಂಗಳು ಅಂತ. ಫಾರ್ಮಿಗೆ ಬೇಕಾದ ಪಾಸ್‌ಬುಕ್ಕಿನ ಜೆರಾಕ್ಸ್ ಅವತ್ತು ತಗೊಂಡು ಬಂದೆ. ಫೋಟೋ ತೆಗೀಲಿಲ್ಲ, ಮೊಬೈಲು ಬ್ಯಾಗಲ್ಲೇ ಇತ್ತು.

ತಿಂಗಳ ಕೊನೆಗೆ ಖರ್ಚಿನ ಲೆಕ್ಕ ಕೊಡುವಾಗ ಇಚ್ಚ ಕೈಯಿಂದ ಹಾಕಿದ ನಲ್ವತ್ತು ರೂಪಾಯಿ ಎಲ್ಲಿ ಬರೆಯುದು ಅಂತ ಗೊತ್ತಾಗ್ಲಿಲ್ಲ. ವಾಟರ್ ಬೆಡ್ ರಿಪೇರಿ ಅಂತ ಕಾಲಮ್ಮೇ ಇಲ್ಲ. ಕೊನೆಗೆ ವಾಹನದ ಖರ್ಚಲ್ಲಿ 'ಪಂಕ್ಚರ್ 40' ಅಂತ ಬರೆದೆ. ಲೆಕ್ಕ ನೋಡುವವರು ಕನ್ನಡಕ ಮೇಲೆ ಮಾಡಿ, "ಯಾವ ಟಯರು?" ಅಂತ ಕೇಳಿದ್ರು.

ಇಚ್ಚ ಬಾಗಿಲಲ್ಲಿ ನಿಂತಲ್ಲಿಂದಲೇ ಹೇಳಿದ್ರು, "ಹಿಂದಿನದ್ದು, ಎಡದ್ದು."